ಮೊಲದ ಸರದಿ

ಹೋದ ತಿಂಗಳು ಮೊಮ್ಮಗಳನ್ನು ಕರೆದುಕೊಂಡು ಚನ್ನಪಟ್ಟಣಕ್ಕೆ ಹೋಗಿದ್ದೆ. ನಾನು ಹುಟ್ಟಿ ಬೆಳೆದ ಓಣಿಯಲ್ಲಿ ಈಗಲೂ ಮನೆ ಬಿಟ್ಟು ಮನೆಯಲ್ಲಿ ಬೊಂಬೆ ಕಡೆಯುತ್ತಾರೆ. ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜುವ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಗ ಒಂದು ವಾಸನೆ ಏಳುತ್ತದೆ. ಓಣಿಯವರಿಗೆ ಅದು ಅನ್ನ ಕೊಡುವ ವಾಸನೆ. ನನಗೆ ಮಾತ್ರ ಅದು ಇವತ್ತಿಗೂ ಆಗದು. ಶಲ್ಯವನ್ನು ಮೂಗಿಗೆ ಹಿಡಿದು ಬೇಗ ಬೇಗ ನಡೆಯುತ್ತಿದ್ದೆ. ಮಗು ಬಿಡಬೇಕಲ್ಲ, ಒಂದು ಅಂಗಡಿಯ ಮುಂದೆ ನಿಂತೇಬಿಟ್ಟಿತು.

ಅಂಗಡಿಯವನು ಹೊಸ ಮಾಲು ತೆಗೆದು ಅವಳ ಮುಂದೆ ಇಟ್ಟ. ಒಂದು ಹಳದಿ ಸಿಂಹ, ಒಂದು ಬಿಳಿ ಮೊಲ, ಬಳೆಯಷ್ಟು ಅಗಲದ ಒಂದು ಬಾವಿ. ಸಿಂಹವನ್ನು ಬಾವಿಯೊಳಕ್ಕೆ ತಲೆಕೆಳಗಾಗಿ ಇಳಿಸಬಹುದು. ಇದೇನು ಕತೆ ತಾತ ಎಂದು ಮಗು ಕೇಳಿತು. ಗೊತ್ತಿಲ್ಲ ಎಂದೆ. ಅಂಗಡಿಯವನು ನಕ್ಕುಬಿಟ್ಟ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಸಿಂಹ ಮೊಲದ ಕತೆ ಗೊತ್ತಿಲ್ಲವೆಂದರೆ ಯಾರಾದರೂ ನಗುತ್ತಾರೆ. ಆದರೆ ಆ ಮೂವತ್ತು ವರ್ಷಗಳಲ್ಲಿ ಈ ಕತೆಯನ್ನು ನಾನು ಹೇಳಿದ್ದು ಒಂದೇ ಸಲ. ಪಾಠದ ಪುಸ್ತಕದಲ್ಲಿ ಬಂದಾಗಲೆಲ್ಲ ಹಾಳೆ ಮಗುಚಿ ಮುಂದಿನ ಪಾಠಕ್ಕೆ ಹೋಗಿದ್ದೇನೆ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬಂದು ನನ್ನ ಶಾಲೆಯ ಮಕ್ಕಳು ಪೇಚಾಡಿದ್ದೂ ಉಂಟು. ಈಗ ಕೆಲಸ ಹೋಗುವ ಭಯವಿಲ್ಲ. ಪಿಂಚಣಿಯನ್ನೂ ಇನ್ನು ಹೆಚ್ಚು ದಿನ ತಿನ್ನುವ ಹಾಗಿಲ್ಲ. ಭಯ ಹೋದ ಮೇಲೆ ಸತ್ಯ ಹೇಳುವವನನ್ನು ಏನೆಂದು ಕರೆಯಬೇಕೋ ಓದುವವರೇ ಕರೆಯಲಿ.

ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಎಂದು ಹೆಸರು. ಯುರೋಪಿನ ದೊಡ್ಡ ಯುದ್ಧ ಮುಗಿಯುತ್ತ ಬಂದಿದ್ದ ವರ್ಷ. ಕ್ಲೋಸ್‌ಪೇಟೆ ಬಳಿಯ ಕೈಲಾಂಚದ ಕಡೆಯ ಒಂದು ಹಳ್ಳಿಗೆ, ಅದರ ಹೆಸರು ಬೇಡ, ನನ್ನನ್ನು ಮೇಷ್ಟ್ರಾಗಿ ಹಾಕಿದರು. ಶಾಲೆಗೆಲ್ಲ ನಾನೊಬ್ಬನೇ. ವಯಸ್ಸು ಇಪ್ಪತ್ತೆರಡು. ಮೈಮೇಲೆ ಸಂತೆಯಲ್ಲಿ ಕೊಂಡ ಹಳೆಯ ಕರಿ ಕೋಟು. ಯಾವ ದೊರೆ ಬಿಚ್ಚಿ ಬಿಸಾಡಿದ್ದೋ, ಅದರ ಹಿತ್ತಾಳೆ ಗುಂಡಿಗಳ ಮೇಲೆ ಕಿರೀಟದ ಗುರುತಿತ್ತು. ಅದನ್ನು ಹಾಕಿಕೊಂಡರೆ ನಾನೇ ಅರ್ಧ ದಿವಾನ. ಸ್ಟೇಷನ್ನಿನ ಕಡೆಯಿಂದ ಯಾರಾದರೂ ತಂದುಕೊಟ್ಟ ಮೂರು ದಿನ ಹಳೆಯ ಪತ್ರಿಕೆಯನ್ನು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಕೇಳುವವರಿಲ್ಲದಿದ್ದರೂ ಗಟ್ಟಿಯಾಗಿಯೇ ಓದುತ್ತಿದ್ದೆ. ಇಷ್ಟು ಹೇಳಿದರೆ ನಾನು ಎಂಥವನಾಗಿದ್ದೆ ಎಂದು ತಿಳಿಯುತ್ತದೆ.

ಆ ವರ್ಷ ಮುಂಗಾರು ಮೋಡ ತೋರಿಸಿ ಹೊರಟುಹೋಯಿತು. ಹೊಲದಲ್ಲಿ ರಾಗಿ ಗೇಣುದ್ದ ಎದ್ದು ಅಲ್ಲೇ ನಿಂತಿತ್ತು. ಸುತ್ತಲಿನ ಬೆಟ್ಟಗಳ ಬಂಡೆಗಳು ದೀಪ ಹಚ್ಚುವ ಹೊತ್ತಿಗೂ ಕಾವು ಕಾರುತ್ತಿದ್ದವು. ಊರಿನವರ ಧೈರ್ಯವೆಲ್ಲ ನೆಲದೊಳಗಿತ್ತು. ಹಿಂದಿನ ವರ್ಷದ ರಾಗಿಯನ್ನು ಅವರು ಹಗೇವುಗಳಲ್ಲಿ ತುಂಬಿಟ್ಟಿದ್ದರು.

ಹಗೇವು ನೋಡದವರಿಗೆ ಒಂದಿಷ್ಟು ಹೇಳಬೇಕು. ಗಟ್ಟಿ ನೆಲದಲ್ಲಿ ಗುಡಾಣದ ಆಕಾರಕ್ಕೆ ತೋಡಿದ ಗುಂಡಿ ಅದು. ಬಾಯಿ ಒಬ್ಬ ಆಳು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ರಾಗಿ ತುಂಬಿ, ಹುಲ್ಲು ಹಾಸಿ, ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಹುಳ ಬದುಕದ ಕಡೆ ಮನುಷ್ಯನೂ ಬದುಕುವುದಿಲ್ಲ. ಒಳಗಿನ ಗಾಳಿ ಕೆಟ್ಟು ವಿಷವಾಗಿರುತ್ತದೆ. ಅದಕ್ಕೇ ಹಗೇವು ತೆಗೆದ ದಿನ ಯಾರೂ ಇಳಿಯುವುದಿಲ್ಲ. ಒಂದು ಹಗಲು ಒಂದು ರಾತ್ರಿ ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಹಣತೆ ಕಟ್ಟಿ ಒಳಗೆ ಬಿಡುತ್ತಾರೆ. ಹಣತೆ ಉರಿದರೆ ಇಳಿಯಬಹುದು, ಆರಿದರೆ ಇನ್ನೊಂದು ದಿನ ಕಾಯಬೇಕು. ಅಲ್ಲಿನ ಸಣ್ಣ ಮಕ್ಕಳಿಗೂ ಇದು ಗೊತ್ತು.

ದಸರೆಯ ಹೊತ್ತಿಗೆ ಜ್ವರ ಬಂತು. ಆ ವರ್ಷದ ಜ್ವರವನ್ನು ಕಂಡವರು ಈಗಲೂ ಅದರ ಮಾತೆತ್ತುವುದಿಲ್ಲ. ಬೆಳಿಗ್ಗೆ ಹೆಣ ಹೊತ್ತವನು ಮೂರನೆಯ ದಿನ ತಾನೇ ಹೆಣವಾಗುತ್ತಿದ್ದ. ಶಾಲೆ ಮುಚ್ಚಿ ಮತ್ತೆ ತೆರೆದಾಗ ಹಾಜರಿ ಕೂಗಲು ನನಗೆ ಭಯ. ಹೆಸರು ಕರೆದು ಉತ್ತರ ಬಾರದಿದ್ದರೆ ಉಳಿದ ಮಕ್ಕಳು ನೆಲ ನೋಡುತ್ತ ಕೂತಿರುತ್ತಿದ್ದವು.

ಶಾಲೆ ನಡೆಯುತ್ತಿದ್ದುದು ದೇವಸ್ಥಾನದ ಮುಂದಿನ ಕಲ್ಲುಮಂಟಪದಲ್ಲಿ. ಅದಕ್ಕೆ ಗೋಡೆಗಳಿರಲಿಲ್ಲ. ಕೆಂಚಯ್ಯ ಎಂಬ ರೈತ ಮಧ್ಯಾಹ್ನದ ಹೊತ್ತು ಕತ್ತಾಳೆ ನಾರು ತಂದು ಮಂಟಪದ ನೆರಳಲ್ಲಿ ಹಗ್ಗ ಹೊಸೆಯುತ್ತ ಪಾಠ ಕೇಳುತ್ತಿದ್ದ. ಮೂವತ್ತರ ಆಸುಪಾಸಿನ ಸಣ್ಣ ಮೈಕಟ್ಟಿನ ಆಳು. ಅಕ್ಷರ ಬಾರದು, ಮಗ್ಗಿ ಮಾತ್ರ ಮಕ್ಕಳಿಗಿಂತ ಚೆನ್ನಾಗಿ ಒಪ್ಪಿಸುತ್ತಿದ್ದ. ಜ್ವರ ಅವನ ತಾಯಿಯನ್ನೂ ತೊಟ್ಟಿಲ ಕೂಸನ್ನೂ ಒಂದೇ ವಾರದಲ್ಲಿ ತೆಗೆದುಕೊಂಡು ಹೋಗಿತ್ತು. ಹೆಂಡತಿ ಸಿದ್ದಮ್ಮ ಆಗ ತಾನೆ ಹಾಸಿಗೆ ಬಿಟ್ಟು ಎದ್ದಿದ್ದಳು. ಆರು ವರ್ಷದ ಮಗಳು ಪುಟ್ಟಿ ಇನ್ನೂ ಕೆಮ್ಮುತ್ತಿದ್ದಳು. ಇವರು ಮೂವರು ಮುಂದಿನ ಬೆಳೆಯವರೆಗೆ ಜೀವ ಹಿಡಿದುಕೊಳ್ಳಬೇಕಾದರೆ ಇದ್ದದ್ದು ಹಿತ್ತಲಿನ ಒಂದು ಹಗೇವು. "ಅದೊಂದೈತೆ ಅಂತ ಒಸಿ ನಿದ್ದೆ ಬತ್ತದೆ ಮೇಷ್ಟ್ರೇ" ಎಂದು ಒಂದು ದಿನ ಅಂದಿದ್ದ.

ಕಾರ್ತೀಕದಲ್ಲಿ ಊರಿಗೆ ಒಬ್ಬ ಶೇಕ್‌ದಾರ ಬಂದ. ಶೇಕ್‌ದಾರನೆಂದರೆ ಹೋಬಳಿಯ ಕಂದಾಯ ನೋಡುವ ಅಧಿಕಾರಿ. ಈತ ನಮ್ಮ ಹೋಬಳಿಯವನಲ್ಲ, ಈ ಕೆಲಸಕ್ಕೆಂದೇ ಬೇರೆ ಕಡೆಯಿಂದ ಬಂದವನು. ಪಟ್ಟಣಗಳಲ್ಲಿ ಜನ ಹಸಿದಿದ್ದರು. ಹಳ್ಳಿಗಳಲ್ಲಿ ಮನೆ ಖರ್ಚಿಗೂ ಬಿತ್ತನೆಗೂ ಬಿಟ್ಟು ಮಿಕ್ಕ ರಾಗಿಯನ್ನು ಪಟ್ಟಣಕ್ಕೆ ಕಳಿಸಬೇಕೆಂದು ಹುಕುಂ. ಹುಕುಂನಲ್ಲಿ ತಪ್ಪಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಅಂಥ ಪೂಜಾರಿ ಈತ. ರೈತನಿಗೆ ಮನೆ ಖರ್ಚು ಎಂಬುದೊಂದು ಇದೆ ಎಂದು ಅವನಿಗೆ ಹೊಳೆಯುತ್ತಲೇ ಇರಲಿಲ್ಲ. ಹಗೇವಿನ ತಳ ಗುಡಿಸಿ ಗಾಡಿಗೆ ತುಂಬಿಸುತ್ತಿದ್ದ. ಅರ್ಧ ಗಾಡಿಗಳು ಕ್ಲೋಸ್‌ಪೇಟೆಗೆ ಹೋಗುತ್ತಿದ್ದವು. ಇನ್ನರ್ಧ, ಈಗ ಕನಕಪುರ ಎನ್ನುವ ಕಾನಕಾನಹಳ್ಳಿಯ ದಾರಿ ಹಿಡಿಯುತ್ತಿದ್ದವು. ಅಲ್ಲಿ ಅವನಿಗೆ ಬೇಕಾದ ಸಾಹುಕಾರನೊಬ್ಬನಿದ್ದಾನೆ ಎಂದು ಗಾಡಿಯವರೇ ಹೇಳುತ್ತಿದ್ದರು.

ಊರ ಚಾವಡಿಯಲ್ಲಿ ಅವನ ಬಿಡಾರ. ಇಬ್ಬರು ಜವಾನರು, ಒಬ್ಬ ಅಡುಗೆಯವನು, ಒಂದು ಕುದುರೆ. ಮೊದಲ ಎರಡು ದಿನ ಜವಾನರು ಸಿಕ್ಕ ಸಿಕ್ಕ ಮನೆಗೆ ನುಗ್ಗಿ ಕೋಳಿ, ಹಾಲು, ತುಪ್ಪ, ಸೌದೆ ಎತ್ತಿಕೊಂಡು ಬಂದರು. ಜ್ವರದಲ್ಲಿ ಮಲಗಿದವರ ಮನೆ ಎಂದೂ ನೋಡಲಿಲ್ಲ. ಆಗ ಪಟೇಲರು ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಹೋಗಿ ಕೈ ಮುಗಿದರು. ಎಲ್ಲ ಮನೆಗೂ ಕೈ ಹಾಕಬೇಡಿ, ದಿನಕ್ಕೊಂದು ಮನೆಯಿಂದ ನಾವೇ ಕಳಿಸಿಕೊಡುತ್ತೇವೆ ಎಂದರು. ಶೇಕ್‌ದಾರ ದೊಡ್ಡ ಮನಸ್ಸು ಮಾಡಿ ಒಪ್ಪಿದ. ಅಂದಿನಿಂದ ಊರಿನಲ್ಲಿ ಸರದಿ ಕೋಲು ಓಡಾಡತೊಡಗಿತು. ಒಂದು ಬಿದಿರ ಕೋಲು. ಸಂಜೆ ಯಾರ ಬಾಗಿಲಿಗೆ ಅದನ್ನು ಒರಗಿಸಿ ಹೋದರೋ, ಬೆಳಗಾದರೆ ಅವರು ಬಿಡಾರಕ್ಕೆ ಹಾಲು, ಕೋಳಿ, ಸೌದೆ ಒಪ್ಪಿಸಬೇಕು. ಸಂಜೆ ಕೋಲನ್ನು ಪಕ್ಕದ ಮನೆಗೆ ದಾಟಿಸಬೇಕು. ಶೇಕ್‌ದಾರ ಅದಕ್ಕೆ ತನ್ನದೊಂದು ಸೇರಿಸಿದ. ಕೋಲು ಬಂದ ಮನೆಯ ಹಗೇವನ್ನೇ ಅದರ ಹಿಂದೆಯೇ ತೆಗೆಸತೊಡಗಿದ.

ಕೋಲು ಓಡಾಡತೊಡಗಿ ಒಂದು ವಾರವಾಗಿರಬೇಕು. ಮಕ್ಕಳು ಪಾಠಕ್ಕೆ ಮನಸ್ಸು ಕೊಡುತ್ತಿರಲಿಲ್ಲ. ಕತೆ ಹೇಳುತ್ತೇನೆಂದು ಸಿಂಹ ಮೊಲದ ಕತೆ ಎತ್ತಿಕೊಂಡೆ. ಕಾಡಿನಲ್ಲಿ ಸಿಂಹವೊಂದು ಕಂಡ ಕಂಡ ಪ್ರಾಣಿಯನ್ನು ಕೊಲ್ಲುತ್ತಿತ್ತು, ಪ್ರಾಣಿಗಳೇ ಹೋಗಿ ದಿನಕ್ಕೊಬ್ಬರಂತೆ ಸರದಿಯ ಮೇಲೆ ಬರುತ್ತೇವೆ ಎಂದು ಒಪ್ಪಿಸಿದವು ಎನ್ನುವಷ್ಟರಲ್ಲಿ ಮುಂದೆ ಕೂತಿದ್ದ ಒಂದು ಹುಡುಗಿ ಕೇಳಿದಳು. "ಅವ್ರ ಬಾಗ್ಲಿಗೂ ಕೋಲು ಮಡಗ್ತಿದ್ರಾ ಮೇಷ್ಟ್ರೇ?"

ಯಾರೂ ನಗಲಿಲ್ಲ. ಮಕ್ಕಳಿಗೆ ಅದು ಕೇಳಲೇಬೇಕಾದ ಪ್ರಶ್ನೆ. ಹೌದು, ಕೋಲು ಇಡುತ್ತಿದ್ದರು ಎಂದೆ. ಅಲ್ಲಿಂದ ಮುಂದೆ ನನ್ನ ಸಿಂಹಕ್ಕೆ ಜರಿ ರುಮಾಲು ಬಂತು, ಕುದುರೆ ಬಂತು, ಹಿಂದೆ ಮುಂದೆ ಎರಡು ಜವಾನ ನರಿಗಳು ಬಂದವು. ಮಕ್ಕಳು ಜ್ವರದ ಮೇಲೆ ಮೊದಲ ಸಲ ನಕ್ಕವು. ಮೊಲ ತನ್ನ ಸರದಿಯ ದಿನ ಬೇಕೆಂದೇ ತಡಮಾಡಿತು. ದಾರಿಯಲ್ಲಿ ಇನ್ನೊಂದು ದೊಡ್ಡ ಸಿಂಹ ಅಡ್ಡಗಟ್ಟಿತು, ಈ ಕಾಡು ತನ್ನದೆಂದಿತು ಎಂದು ಸುಳ್ಳು ಹೇಳಿತು. ತೋರಿಸು ಎಂದು ಸಿಂಹ ಗುಡುಗಿದಾಗ ಬಾವಿಯ ಬಳಿಗೆ ಕರೆದೊಯ್ದಿತು. ಬಾವಿಯ ನೀರಿನಲ್ಲಿ ಸಿಂಹ ತನ್ನ ನೆರಳನ್ನೇ ನೋಡಿ ಬೇರೆ ಸಿಂಹವೆಂದು ಧುಮುಕಿ ಸತ್ತಿತು. ಅಂದು ಮಕ್ಕಳು ಮನೆಗೆ ಕುಣಿಯುತ್ತ ಹೋದವು.

ಕೆಂಚಯ್ಯ ಹಗ್ಗ ಹೊಸೆಯುವುದನ್ನು ನಿಲ್ಲಿಸಿ ಕೂತಿದ್ದ. ಮಕ್ಕಳೆಲ್ಲ ಹೋದ ಮೇಲೆ, "ಇದು ಮಕ್ಳ ಕತೆ ಅಲ್ಲ ಅಲ್ವಾ ಮೇಷ್ಟ್ರೇ?" ಎಂದ.

ಈ ಪ್ರಶ್ನೆಗೇ ನಾನು ಹುಟ್ಟಿದಂದಿನಿಂದ ಕಾದಿದ್ದೆನೋ ಎನ್ನುವ ಹಾಗೆ ಶುರು ಮಾಡಿದೆ. ಇಂಥ ಕತೆಗಳೆಲ್ಲ ಅರಸರ ಮುಂದೆ ಬಾಯಿ ಬಿಡಲಾಗದವರು ಕಟ್ಟಿದ್ದು, ನೇರವಾಗಿ ಹೇಳಿದರೆ ತಲೆ ಹೋಗುತ್ತದೆಂದು ಪ್ರಾಣಿಗಳ ಬಾಯಲ್ಲಿ ಹೇಳಿಸಿದ್ದು, ಸಿಂಹವೆಂದರೆ ದರ್ಬಾರು, ಪ್ರಾಣಿಗಳೆಂದರೆ ಪ್ರಜೆಗಳು, ಬಾವಿಯೆಂದರೆ ಅಧಿಕಾರದವನ ಸ್ವಂತ ಅಹಂಕಾರ. ಪತ್ರಿಕೆಯಲ್ಲಿ ಓದಿದ ದೊಡ್ಡ ಮಾತುಗಳೆಲ್ಲ ಅವತ್ತು ಖರ್ಚಾದವು. ಕೆಂಚಯ್ಯ ತಾಳ್ಮೆಯಿಂದ ಕೇಳಿ, ಕೊನೆಗೆ ಒಂದೇ ಮಾತು ಕೇಳಿದ.

"ಸರದಿ ದಿಟ, ಸಿಂಹ ದಿಟ. ಅಂಗಾರೆ ಮೊಲ ಮಾಡಿದ್ದೂ ದಿಟವಾ?"

ದಿಟವೇ ಎಂದೆ. ನನ್ನ ಬದುಕಿನಲ್ಲಿ ಆಡಿದ ಮಾತುಗಳಲ್ಲಿ ಒಂದನ್ನು ವಾಪಸು ತೆಗೆದುಕೊಳ್ಳುವ ಅವಕಾಶ ಕೊಟ್ಟರೆ ಅದನ್ನು ತೆಗೆದುಕೊಳ್ಳುತ್ತೇನೆ.

ಎರಡು ದಿನ ಬಿಟ್ಟು ಅವನು ಮತ್ತೆ ಬಂದ. ಕೋಲು ಅವನ ಮನೆಯಿಂದ ನಾಲ್ಕನೆಯ ಮನೆಗೆ ಬಂದಿತ್ತು. ತನ್ನ ಹಗೇವಿನ ರಾಗಿ ಹೋದರೆ ಪುಟ್ಟಿ ಉಳಿಯುವುದಿಲ್ಲ ಎಂದ. ಅಳಲಿಲ್ಲ, ಗೊಬ್ಬರದ ಮಾತಾಡಿದಷ್ಟು ಸಲೀಸಾಗಿ ಹೇಳಿದ. ಈ ಸಿಂಹದ ಬಾವಿ ಯಾವುದೆಂದು ಇಬ್ಬರೂ ಕೂತು ಯೋಚಿಸಿದೆವು. ಉತ್ತರ ಹೇಳಿದವನು ನಾನೇ. ಕಾನಕಾನಹಳ್ಳಿಗೆ ಹೋಗುವ ಗಾಡಿಗಳ ಸುದ್ದಿ ಮೇಲಿನವರಿಗೆ ತಿಳಿದರೆ ಶೇಕ್‌ದಾರನ ಕತೆ ಮುಗಿಯಿತು. ಅವನು ಹೆದರುವುದು ತನಗಿಂತ ದೊಡ್ಡ ರುಮಾಲಿಗೆ ಮಾತ್ರ. ಆದ್ದರಿಂದ ಇನ್ನೊಬ್ಬ ದೊಡ್ಡ ಸಾಹೇಬರು ಈ ಕಡೆ ಸುತ್ತಾಡುತ್ತಿದ್ದಾರೆ ಎಂದು ಅವನಿಗೆ ಅನ್ನಿಸಬೇಕು. ಬರೀ ಮಾತು ಸಾಲದು, ಕಣ್ಣಿಗೆ ಕಾಣುವಂಥದು ಏನಾದರೂ ಬೇಕು. ಆ ಸಾಹೇಬರು ಕೆಂಚಯ್ಯನ ಹಗೇವಿಗೆ ಸರ್ಕಾರಿ ಮೊಹರು ಹಾಕಿ ಹೋಗಿದ್ದಾರೆ ಎಂದು ತೋರಿಸುವುದೆಂದಾಯಿತು.

ಭಾನುವಾರ ಚನ್ನಪಟ್ಟಣಕ್ಕೆ ನಡೆದು ಹೋದೆ. ನಮ್ಮ ಪಕ್ಕದ ಮನೆಯ ಬುಡನ್ ಸಾಬರು ಬೊಂಬೆ ಕೆಲಸದವರು. ಶಾಲೆಗೆ ಬೇಕೆಂದು ಎರಡು ಕೆಂಪು ಅರಗಿನ ಕಡ್ಡಿ ಕೇಳಿದೆ. ನನ್ನನ್ನು ಮಗುವಾಗಿದ್ದಾಗಿನಿಂದ ಕಂಡವರು, ಮೂರು ಕೊಟ್ಟರು. ಮಾರನೆಯ ದಿನ ಸಂಜೆ ಕೆಂಚಯ್ಯನ ಹಿತ್ತಲಲ್ಲಿ ಅರಗನ್ನು ಕಾಯಿಸಿ ಹಗೇವಿನ ಚಪ್ಪಡಿಯ ಸಂದಿಗೆ ಎರಡು ಕಡೆ ಹಾಕಿದೆ. ನನ್ನ ಕೋಟಿನ ಒಂದು ಗುಂಡಿ ಕಿತ್ತು ಅದರ ಮೇಲೆ ಒತ್ತಿದೆ. ಕಿರೀಟ ಅಚ್ಚುಕಟ್ಟಾಗಿ ಮೂಡಿತು. ಸಿದ್ದಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೇಷ್ಟ್ರು ಮಾಡುತ್ತಿದ್ದಾರೆ ಎಂದ ಮೇಲೆ ಅವಳು ಏನನ್ನೂ ಕೇಳಲಿಲ್ಲ.

ಕೆಂಚಯ್ಯನ ಸರದಿಯ ದಿನ ಬಂತು. ಹೊತ್ತು ಹುಟ್ಟುವಾಗ ಹೋಗಬೇಕಾದವನು ಹೊತ್ತು ನೆತ್ತಿಯಿಂದ ಇಳಿದ ಮೇಲೆ, ಬರಿಗೈಯಲ್ಲಿ ಏದುಸಿರು ಬಿಡುತ್ತ ಚಾವಡಿಗೆ ಹೋದ. ಏನು ಹೇಳಿದ ಎಂಬುದನ್ನು ಆಮೇಲೆ ಪಟೇಲರು ನನಗೆ ಹೇಳಿದರು. ಕೆರೆ ಏರಿಯ ಮೇಲೆ ಕುದುರೆ ಸಾಹೇಬರೊಬ್ಬರು ಸಿಪಾಯಿಗಳ ಜೊತೆ ತಡೆದರಂತೆ, ಕೋಳಿ ಹಾಲು ಕಸಿದುಕೊಂಡರಂತೆ, ಕಾನಕಾನಹಳ್ಳಿಗೆ ಗಾಡಿ ಹೊಡೆಸುವವರು ಯಾರು ಎಂದು ಕೇಳಿದರಂತೆ, ಹಿತ್ತಲಿಗೆ ಬಂದು ಹಗೇವಿನ ಬಾಯಿ ತೆಗೆಸಿ ನೋಡಿ ಮೊಹರು ಮಾಡಿ ಹೋದರಂತೆ. ಬಾಯಿ ತೆಗೆಸಿ ನೋಡಿದರು ಎಂಬ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ. ಕತೆ ಕಳೆಗಟ್ಟಲಿ ಎಂದು ಅವನೇ ಒಂದು ಹಿಡಿ ಹೆಚ್ಚು ಹಾಕಿದ್ದ.

ಉಪಾಯ ಫಲಿಸಿತು. ಶೇಕ್‌ದಾರನ ಮುಖ ಸುಣ್ಣದಂತಾಯಿತು ಎಂದು ಪಟೇಲರು ಬಾಯಿಗೆ ಟವೆಲು ಅಡ್ಡ ಹಿಡಿದು ನಕ್ಕರು. ಗಾಡಿಗಳು ನಿಂತವು. ಜವಾನರು ಊರೊಳಗೆ ಕಾಣಿಸಲಿಲ್ಲ. ಕೋಲು ಕೆಂಚಯ್ಯನ ಬಾಗಿಲು ಬಿಟ್ಟು ಮುಂದಕ್ಕೆ ಹೋಗಲಿಲ್ಲ. ನನ್ನ ಬಾಗಿಲಿಗೆ ಯಾರೋ ಮೊಸರು ಇಟ್ಟು ಹೋದರು, ಯಾರೋ ಅವರೆಕಾಯಿ ಇಟ್ಟು ಹೋದರು. ಆ ಮೂರು ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಕಿತ್ತಿದ್ದ ಗುಂಡಿಯನ್ನು ಕೋಟಿಗೆ ಮತ್ತೆ ಹೊಲಿದುಕೊಂಡೆ. ಕರಿ ದಾರ ಸಿಗಲಿಲ್ಲ, ಬಿಳಿಯ ದಾರದಲ್ಲೇ ಹೊಲಿದೆ.

ನಾಲ್ಕನೆಯ ದಿನ ಬೆಳಿಗ್ಗೆ, ಶೇಕ್‌ದಾರ ಗುಟ್ಟಾಗಿ ಕ್ಲೋಸ್‌ಪೇಟೆಗೆ ಕಳಿಸಿದ್ದ ಜವಾನ ವಾಪಸು ಬಂದ. ಯಾವ ಸಾಹೇಬರೂ ಈ ಕಡೆ ಸವಾರಿ ಹೊರಟಿಲ್ಲವೆಂದು ವಿಚಾರಿಸಿಕೊಂಡು ಬಂದಿದ್ದ. ಶೇಕ್‌ದಾರ ಕೂಗಾಡಲಿಲ್ಲ. ಕಾಲುನಡಿಗೆಯಲ್ಲೇ ಕೆಂಚಯ್ಯನ ಹಿತ್ತಲಿಗೆ ಬಂದು ಪಟೇಲರನ್ನೂ ಊರವರನ್ನೂ ನನ್ನನ್ನೂ ಕರೆಸಿದ. ನಾನು ಹೋಗುವಷ್ಟರಲ್ಲಿ ಆತ ಚಪ್ಪಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಮೊಹರಿನ ಮೇಲೆ ಬೆರಳಾಡಿಸುತ್ತಿದ್ದ. ಎದ್ದು ನಿಂತು ನನ್ನ ಕಡೆ ನೋಡಿದ. ಮುಖ ನೋಡಲಿಲ್ಲ, ಎದೆ ನೋಡಿದ. ಕೋಟಿನ ಗುಂಡಿಗಳನ್ನು ಒಂದೊಂದಾಗಿ ನೋಡಿಕೊಂಡು ಬಂದು ಬಿಳಿ ದಾರದ ಗುಂಡಿಯ ಮೇಲೆ ಕಣ್ಣು ನಿಲ್ಲಿಸಿದ. ಆಮೇಲೆ ಏನೂ ಕಾಣದವನಂತೆ ತಿರುಗಿ, ಚಪ್ಪಡಿ ಎತ್ತಿಸಲು ಹೇಳಿದ.

ಚಪ್ಪಡಿ ಸರಿದ ಕೂಡಲೇ ಒಳಗಿನ ಕಾವು ಮೇಲೆದ್ದು, ಮುಂದೆ ನಿಂತಿದ್ದವರೆಲ್ಲ ಹಿಂದಕ್ಕೆ ಸರಿದರು. ಶೇಕ್‌ದಾರ ಕೆಂಚಯ್ಯನಿಗೆ ಇಳಿದು ಒಂದು ಮಂಕರಿ ರಾಗಿ ತರಲು ಹೇಳಿದ. ಪಟೇಲರು ಅಡ್ಡ ಬಂದರು.

"ಬ್ಯಾಡಿ ಬುದ್ಧಿ. ಒಂದಿನ ಗಾಳಿ ಆಡ್ಬೇಕು. ದೀಪ ಬುಟ್ಟು ನೋಡ್ಬೇಕು. ಈಗ ಇಳುದ್ರೆ ಜೀವ ಹೋಯ್ತದೆ."

ಶೇಕ್‌ದಾರ ಮೆತ್ತಗೆ ಹೇಳಿದ. "ಅದು ಮುಚ್ಚಿಟ್ಟ ಹಗೇವಿಗೆ, ಪಟೇಲರೇ. ಇದನ್ನು ಇವನ ದೊಡ್ಡ ಸಾಹೇಬರು ಮೊನ್ನೆ ತಾನೆ ಬಾಯಿ ತೆಗೆಸಿ ನೋಡಿದ್ದಾರೆ. ಅಲ್ಲವೇನಯ್ಯ? ತೆಗೆಸಿದ್ದು ನಿಜವಾದರೆ ಇಳಿ. ಸುಳ್ಳಾದರೆ ಸುಳ್ಳು ಎಂದು ಈಗಲೇ ಹೇಳು. ಸರ್ಕಾರದ ಮೊಹರು ಯಾರು ಮಾಡಿದ್ದೆಂದೂ ಹೇಳು."

ಕೆಂಚಯ್ಯ ನನ್ನನ್ನು ನೋಡಿದ. ಆ ನೋಟದಲ್ಲಿ ದೂರು ಇರಲಿಲ್ಲ. ಪಾಠ ಕೇಳುವಾಗ ಮುಂದೇನು ಎಂದು ನೋಡುತ್ತಿದ್ದನಲ್ಲ, ಹಾಗೇ ನೋಡಿದ. ಕತೆಯಲ್ಲಿ ಇದು ಇರಲಿಲ್ಲ. ನಾನು ಹೇಳಬೇಕಾಗಿದ್ದದ್ದು ಇಷ್ಟೇ: ಇದನ್ನು ಯಾರೂ ತೆಗೆದಿಲ್ಲ ಸ್ವಾಮಿ, ಮೊಹರು ನನ್ನದು. ಮಾತು ನಾಲಿಗೆಯ ತುದಿಗೆ ಬಂದದ್ದೂ ನಿಜ. ಅದರ ಜೊತೆಗೇ ಕಳ್ಳ ಮೊಹರಿಗೆ ಎಷ್ಟು ವರ್ಷ ಜೈಲು ಎಂಬುದೂ, ಚನ್ನಪಟ್ಟಣದಲ್ಲಿ ನನ್ನ ಸಂಬಳವನ್ನೇ ನಂಬಿದ್ದ ತಾಯಿಯೂ ಕಣ್ಣ ಮುಂದೆ ಬಂದರು. ಇನ್ನೊಂದು ಗಳಿಗೆ ಬಿಟ್ಟು ಹೇಳುತ್ತೇನೆ ಎಂದುಕೊಂಡೆ.

ಸಿದ್ದಮ್ಮ ಗಂಡನ ತೋಳು ಹಿಡಿದು, ಬ್ಯಾಡ, ರಾಗಿ ಹೋದರೆ ಹೋಗಲಿ ಎನ್ನುತ್ತಿದ್ದಳು. ಅವನು ಕೈ ಬಿಡಿಸಿಕೊಂಡ. "ಉಸ್ರು ಬಿಗಿ ಹಿಡ್ಕಂಡು ಒಂದು ಮಂಕ್ರಿ ತುಂಬ್ಕಂಡು ಬಂದ್ಬುಡ್ತೀನಿ ಕಣಮ್ಮಿ. ಒಸಿ ಹೊತ್ತು" ಎಂದ. ಪಂಚೆ ಎತ್ತಿ ಕಟ್ಟಿ, ಹಗ್ಗ ಹಿಡಿದು ಇಳಿದ. ಅವನ ತಲೆ ನೆಲದ ಮಟ್ಟಕ್ಕಿಂತ ಕೆಳಗೆ ಹೋಯಿತು. ಮಂಕರಿ ರಾಗಿಯ ಮೇಲೆ ಬಿದ್ದ ಸದ್ದು ಕೇಳಿತು. ಆಮೇಲೆ ಹಗ್ಗ ಸಡಿಲವಾಯಿತು.

ಊರಲ್ಲೇ ಬೇರೆಯಿದ್ದ ಅವನ ಅಣ್ಣ ಕಾಳಯ್ಯ ಇಳಿಯಲು ಹೋದ. ಐದಾರು ಜನ ಅವನನ್ನು ನೆಲಕ್ಕೆ ಕೆಡವಿ ಹಿಡಿದುಕೊಂಡರು. ಹಣತೆ ಕಟ್ಟಿ ಬಿಟ್ಟರು. ಒಂದು ಮೊಳ ಇಳಿಯುವುದರೊಳಗೆ ಆರಿತು. ಬೇವಿನ ಸೊಪ್ಪನ್ನು ಕಟ್ಟಿ ಇಳಿಸಿ ಎತ್ತಿ ಗಾಳಿ ಆಡಿಸಿದರು, ಮತ್ತೆ ಹಣತೆ ಬಿಟ್ಟರು, ಮತ್ತೆ ಆರಿತು. ಕೊನೆಗೆ ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದು, ಪಂಚೆಗೆ ಸಿಕ್ಕಿಸಿ ಎಳೆದರು. ಕೆಂಚಯ್ಯ ಮೇಲೆ ಬಂದಾಗ ಬೆವತ ಕೆನ್ನೆಗೆಲ್ಲ ರಾಗಿ ಕಾಳು ಅಂಟಿತ್ತು. ಸಿದ್ದಮ್ಮ ಕೂತು ಒಂದೊಂದೇ ಕಾಳನ್ನು ಬಿಡಿಸತೊಡಗಿದಳು. ಪುಟ್ಟಿ ಅಪ್ಪ ಯಾಕೆ ಏಳುವುದಿಲ್ಲ ಎಂದು ಕೇಳುತ್ತಿತ್ತು. ಆಗ ನನಗೆ ಬಾಯಿ ಬಂತು. ಮೊಹರು ನನ್ನದು ಎಂದು ಗಟ್ಟಿಯಾಗಿಯೇ ಹೇಳಿದೆ. ಆ ಗೋಳಿನಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಎರಡನೆಯ ಸಲ ನಾನು ಹೇಳಲಿಲ್ಲ.

ಊರಿನ ಶಾನುಭೋಗರು ಜ್ವರದಲ್ಲಿ ಮಲಗಿದ್ದರು. ಸಾವಿಗೆ ಮಹಜರು ಬರೆಯಬೇಕೆಂದು ಶೇಕ್‌ದಾರ ನನಗೆ ಹೇಳಿಕಳಿಸಿದ. ಚಾವಡಿಗೆ ಹೋದೆ. ಕಾಗದ, ಮಸಿಕುಡಿಕೆ ಸಿದ್ಧವಾಗಿತ್ತು. "ನಿಮ್ಮ ಕೋಟಿನ ಗುಂಡಿಗಳು ಚೆನ್ನಾಗಿವೆ ಮೇಷ್ಟ್ರೇ. ಕೂತುಕೊಳ್ಳಿ, ಬರೆಯಿರಿ" ಎಂದ. ಅಲ್ಲೇ ಕೂತಿದ್ದ ಪಟೇಲರಿಗೆ, ಈ ಮಹಜರಿಗೆ ಮನೆಯವರ ಹೆಬ್ಬೆಟ್ಟು ಬಿದ್ದರೆ ಆ ಹಗೇವನ್ನು ತಾನು ಮುಟ್ಟುವುದಿಲ್ಲ, ರಾಗಿಯೆಲ್ಲ ಆ ಹೆಂಗಸಿಗೇ ಇರಲಿ ಎಂದ. ಪಟೇಲರು ನನ್ನ ಮುಖ ನೋಡಿ ತಲೆ ತಗ್ಗಿಸಿದರು. ಹಗೇವನ್ನು ಗಾಳಿಗೆ ಬಿಡಬೇಕೆಂದು ಸರ್ಕಾರಿ ಅಧಿಕಾರಿಗಳೂ ಪಟೇಲರೂ ಎಚ್ಚರಿಕೆ ಕೊಟ್ಟಾಗ್ಯೂ ಸದರಿ ಕೆಂಚಯ್ಯನು ಲಕ್ಷಿಸದೆ ತಾನಾಗಿಯೇ ಇಳಿದು ಮೃತನಾಗಿರುತ್ತಾನೆ ಎಂದು ಶೇಕ್‌ದಾರ ಹೇಳಿದ, ನಾನು ಬರೆದೆ. ನನ್ನ ಅಕ್ಷರ ದುಂಡಗೆ. ಅವನ ವಾಕ್ಯದಲ್ಲಿ ಒಂದು ಕಡೆ ತಪ್ಪಿತ್ತು, ಅದನ್ನೂ ತಿದ್ದಿ ಬರೆದೆ.

ಆ ಕತೆಯನ್ನು ಆಮೇಲೆ ಎಷ್ಟೋ ವರ್ಷ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಈಗಲೂ ಅದು ಮಕ್ಕಳ ಕತೆಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅದನ್ನು ಬಡಪ್ರಾಣಿಗಳು ಕಟ್ಟಿದ್ದು ಎಂದು ಈಗ ನಾನು ನಂಬುವುದಿಲ್ಲ. ಸಿಂಹದ ಕಡೆಯವರೇ ಯಾರೋ ಕಟ್ಟಿರಬೇಕು. ಈ ಕತೆ ಕೇಳಿದ ಪ್ರಾಣಿ ಉಳಿದ ಪ್ರಾಣಿಗಳನ್ನು ಕೂಡಿಕೊಂಡು ಹೋಗುವುದಿಲ್ಲ. ತಾನೊಬ್ಬನೇ ಜಾಣನೆಂದು, ತನ್ನ ಸರದಿಯ ದಿನ, ಒಂಟಿಯಾಗಿ ಸಿಂಹದ ಮುಂದೆ ಹೋಗಿ ನಿಲ್ಲುತ್ತದೆ. ಇನ್ನೊಂದು ಸಂಗತಿಯನ್ನೂ ಅದು ಹೇಳುವುದಿಲ್ಲ. ಮೊಲಕ್ಕೆ ಉಪಾಯ ಹೇಳಿಕೊಟ್ಟು ಪೊದೆಯ ಹಿಂದೆ ಉಳಿದ ಪ್ರಾಣಿ ಯಾವುದು, ಅದು ಆಮೇಲೆ ಹೇಗೆ ಬದುಕಿತು ಎಂಬ ಮಾತೇ ಅದರಲ್ಲಿಲ್ಲ.

ಹೆಬ್ಬೆಟ್ಟು ಒತ್ತಿಸಿಕೊಂಡು ಬರಲು ನನ್ನನ್ನೇ ಕಳಿಸಿದರು. ಮೇಷ್ಟ್ರ ಮಾತಾದರೆ ಕೇಳುತ್ತಾಳೆ ಎಂದರು. ಹೋದಾಗ ಸಿದ್ದಮ್ಮ ಗೋಡೆಗೆ ಒರಗಿ ಕೂತಿದ್ದಳು, ಪುಟ್ಟಿ ತೊಡೆಯ ಮೇಲೆ ಮಲಗಿತ್ತು. ರಾಗಿ ನಿನಗೇ ಉಳಿಯುತ್ತದಂತೆ ಎಂದೆ. ಅವಳು ಕಾಗದವನ್ನು ನೋಡಿದಳು.

"ಅವ್ರು ಯಾಕ್ ಇಳುದ್ರು ಅಂತ ಇದ್ರಾಗೆ ಬರ್ದೀರಾ ಮೇಷ್ಟ್ರೇ?"

ಬರೆದಿದ್ದೇನೆ ಎಂದೆ.

"ನೀವು ಬರ್ದಿದ್ರೆ ಸರಿ ಬುಡಿ" ಎಂದು ಅವಳು ಬಲಗೈಯನ್ನು ಮಗುವಿನ ತಲೆಯಿಂದ ತೆಗೆದು ನನ್ನ ಕಡೆ ಚಾಚಿದಳು. ಹೆಬ್ಬೆರಳಿಗೆ ಮಸಿ ಹಚ್ಚಿ, ಕಾಗದದ ಮೇಲೆ ಇಟ್ಟು, ಚೆನ್ನಾಗಿ ಮೂಡಲೆಂದು ನಾನೇ ಒತ್ತಿ ಹಿಡಿದೆ.